ಕೀನ್ಯಾದಲ್ಲಿ ಕುಕ್ಕರ್ ಮಾರಿದ ಕಥೆ

ಊರಿಗೆ ಬಂದಾಗ ಮದುವೆಯ ಊಟಕ್ಕೆ ಕುಳಿತರೆ ಪಕ್ಕದವರು ಕೇಳುವ ಮೊದಲ ಪ್ರಶ್ನೆ, "ಕೆಲಸ ಎಲ್ಲಿ?" ದುಬೈ, ಮಸ್ಕತ್, ಕುವೈಟ್ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ನಮ್ಮ ಕಾಸರಗೋಡು, ಮಂಜೇಶ್ವರದ ಕಡೆ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆಯನ್ನು ಹುಡುಕಬೇಕು. ಆದರೆ ನಾನು "ಕಂಪೆನಿ ಬೆಂಗಳೂರಿನದ್ದು, ತಿರುಗಾಟ ಆಫ್ರಿಕಾದಲ್ಲಿ" ಎಂದ ಕೂಡಲೇ ಎದುರಿನ ಎಲೆಯವರೂ ತಲೆ ಎತ್ತುತ್ತಾರೆ. ಒಮ್ಮೆ ಹಿರಿಯರೊಬ್ಬರು ಕೇಳಿಯೇ ಬಿಟ್ಟರು, "ಆಫ್ರಿಕಾದಲ್ಲಿ ಎಂತ ಮಾರುವುದು ಮಾರಾಯ?"

"ಕುಕ್ಕರ್, ಅಂಕಲ್. ದೊಡ್ಡ ಕುಕ್ಕರ್."

ಅವರು ತಮಾಷೆ ಎಂದುಕೊಂಡರು. ನಿಜವಾಗಿ ಅದು ಕುಕ್ಕರೇ. ಶಸ್ತ್ರಚಿಕಿತ್ಸೆಗೆ ಬಳಸುವ ಕತ್ತರಿ, ಚಿಮಟ, ಬಟ್ಟೆಗಳನ್ನು ಒತ್ತಡದ ಹಬೆಯಲ್ಲಿಟ್ಟು ರೋಗಾಣುಗಳನ್ನು ಕೊಲ್ಲುವ ಯಂತ್ರಕ್ಕೆ ಆಟೋಕ್ಲೇವ್ ಎಂದು ಹೆಸರು. ನಿಮ್ಮ ಅಡುಗೆಮನೆಯ ಕುಕ್ಕರಿನಲ್ಲಿ ಇರುವಂತೆಯೇ ಅದರಲ್ಲಿಯೂ ಮುಚ್ಚಳ, ರಬ್ಬರ್ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಇರುತ್ತವೆ. ಕುಕ್ಕರಿನಲ್ಲಿ ಅಕ್ಕಿ ಬೇಯದಿದ್ದರೆ ತಿಂದವರಿಗೆ ಹೊಟ್ಟೆನೋವು. ಇದರಲ್ಲಿ ಕತ್ತರಿ ಸರಿಯಾಗಿ "ಬೇಯದಿದ್ದರೆ" ಹೆರಿಗೆಗೆ ಬಂದ ತಾಯಿಯ ಜೀವಕ್ಕೇ ಸಂಚಕಾರ.

2016ರಲ್ಲಿ ನಾನು ಮೊದಲ ಬಾರಿ ಕೀನ್ಯಾಕ್ಕೆ ಹೋದೆ. ಹತ್ತು ದಿನ ಮೊದಲೇ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು, ಅದರ ಪುಸ್ತಕವನ್ನು ಪಾಸ್‌ಪೋರ್ಟಿನೊಂದಿಗೆ ಇಟ್ಟುಕೊಳ್ಳಬೇಕು; ಇಲ್ಲದಿದ್ದರೆ ಹಿಂತಿರುಗುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಮುಂಬಯಿಯಿಂದ ಸುಮಾರು ಆರು ಗಂಟೆಯ ಹಾರಾಟ. ಆಫ್ರಿಕಾ ಎಂದರೆ ಸುಡುವ ಬಿಸಿಲು ಎಂದುಕೊಂಡು ಬರೀ ತೆಳು ಅಂಗಿಗಳನ್ನು ಒಯ್ದಿದ್ದೆ. ನೈರೋಬಿ ಇರುವುದು ಭೂಮಧ್ಯರೇಖೆಯ ಹತ್ತಿರವಾದರೂ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿ. ಸಂಜೆಯಾಗುತ್ತಲೇ ಚಳಿ ಹಿಡಿಯಿತು. ಮೊದಲ ಖರೀದಿ ಸ್ವೆಟರ್.

ಭಾಷೆ ಮಾತ್ರ ಅಷ್ಟು ಪರಕೀಯ ಅನಿಸಲಿಲ್ಲ. ಸ್ವಾಹಿಲಿಯಲ್ಲಿ ಚಹಾಕ್ಕೆ ಚಾಯ್, ಚಪಾತಿಗೆ ಚಪಾತಿ, ಗಾಡಿಗೆ ಗಾರಿ, ಅಂಗಡಿಗೆ ದುಕಾ, ಹಣಕ್ಕೆ ಪೆಸಾ. ಔಷಧಿಗೆ ಡಾವಾ, ನಮ್ಮ ಉತ್ತರದ ಕಡೆಯವರು ದವಾಖಾನೆ ಎನ್ನುತ್ತಾರಲ್ಲ, ಅದೇ ಅರಬಿ ಮೂಲ. ಕೈಕೆಲಸ ಬಲ್ಲವನು, ರಿಪೇರಿ ಮಾಡುವವನು ಫುಂಡಿ. ನಾನು ಸೇಲ್ಸ್ ಮ್ಯಾನೇಜರ್ ಎಂದು ಚೀಟಿ ಅಚ್ಚು ಹಾಕಿಸಿಕೊಂಡು ಹೋಗಿದ್ದೆ. ಆಸ್ಪತ್ರೆಗಳಲ್ಲಿ ನನ್ನನ್ನು ಕರೆದದ್ದು ಫುಂಡಿ ಎಂದೇ. ಎಲ್ಲ ಕಡೆ ಗಲ್ಫಿನಂತೆಯೇ ಚೌಕ ಕಾಲಿನ ಮೂರು ಪಿನ್ನಿನ ಪ್ಲಗ್. ನಮ್ಮ ಯಂತ್ರಗಳಿಗಿದ್ದದ್ದು ಊರಿನ ಗುಂಡು ಕಾಲಿನದ್ದು. ಗಲ್ಫಿನಿಂದ ಬಂದ ಮಿಕ್ಸಿಗೆ ನೀವು ಇಲ್ಲಿ ಮಾಡುವ ಉಪಚಾರವನ್ನು ನಾನು ಅಲ್ಲಿ ತಿರುಗಿಸಿ ಮಾಡಿದೆ.

ಈಗ ಅಲ್ಲಿಯ ಆಸ್ಪತ್ರೆಗಳ ವಿಚಾರ ಸ್ವಲ್ಪ ಹೇಳಬೇಕು. ನೈರೋಬಿಯ ಕೆನ್ಯಾಟಾ ರಾಷ್ಟ್ರೀಯ ಆಸ್ಪತ್ರೆ 1901ರಲ್ಲಿ 40 ಹಾಸಿಗೆಗಳಿಂದ ಆರಂಭವಾದದ್ದು. ಬಹುಕಾಲ ಸರಕಾರಿ ಆಸ್ಪತ್ರೆಗಳ ಖರೀದಿಯೆಲ್ಲ ರಾಜಧಾನಿಯಿಂದಲೇ ನಡೆಯುತ್ತಿತ್ತು. 2010ರಲ್ಲಿ ದೇಶಕ್ಕೆ ಹೊಸ ಸಂವಿಧಾನ ಬಂತು. ಅದರಂತೆ 2013ರಲ್ಲಿ 47 ಕೌಂಟಿಗಳು ಹುಟ್ಟಿದವು. ನಮ್ಮ ಜಿಲ್ಲೆಗಳ ಹಾಗೆ, ಆದರೆ ಪ್ರತಿಯೊಂದಕ್ಕೂ ಚುನಾಯಿತ ಗವರ್ನರ್, ಸ್ವಂತ ಬಜೆಟ್. ಜಿಲ್ಲಾ ಮಟ್ಟದ ಆಸ್ಪತ್ರೆಗಳು ಇವರ ಕೈಗೆ ಬಂದವು. ಅದೇ 2013ರ ಜೂನ್‌ನಿಂದ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಉಚಿತ ಎಂದೂ ಘೋಷಿಸಿದರು. ಹೆರಿಗೆ ವಾರ್ಡುಗಳು ತುಂಬಿದವು. ಮಾರುವವನ ದೃಷ್ಟಿಯಿಂದ ನೋಡಿದರೆ ಒಂದು ಬಾಗಿಲಿದ್ದಲ್ಲಿ 47 ಬಾಗಿಲು, ಹೆರಿಗೆ ಹೆಚ್ಚಿದಷ್ಟೂ ಕತ್ತರಿ ಹೆಚ್ಚು, ಕತ್ತರಿ ಹೆಚ್ಚಿದಷ್ಟೂ ಕುಕ್ಕರ್ ಬೇಕು. ನಮ್ಮಂಥ ಸಣ್ಣ ಕಂಪೆನಿಗಳು ಬ್ಯಾಗು ಹಿಡಿದು ಓಡಿದ್ದು ಇದಕ್ಕೇ.

ದೊಡ್ಡ ಕಂಪೆನಿಗಳಿಗೆ ಬೇರೆ ಹೆಬ್ಬಾಗಿಲು ತೆರೆದಿತ್ತು. 2015ರಲ್ಲಿ ರಾಷ್ಟ್ರೀಯ ಸರಕಾರ ಬಹುರಾಷ್ಟ್ರೀಯ ಕಂಪೆನಿಗಳೊಂದಿಗೆ ಏಳು ವರ್ಷಗಳ ಗುತ್ತಿಗೆ ಮಾಡಿಕೊಂಡು ಪ್ರತಿ ಕೌಂಟಿಯ ಎರಡೆರಡು ಆಸ್ಪತ್ರೆಗಳಿಗೆ ಎಕ್ಸ್-ರೇ, ಡಯಾಲಿಸಿಸ್, ಐಸಿಯು, ಆಪರೇಷನ್ ಥಿಯೇಟರಿನ ಸಾಮಾನುಗಳನ್ನು ಬಾಡಿಗೆಗೆ ತಂದಿತು. ಯಂತ್ರ ಕಂಪೆನಿಯದ್ದು, ನೋಡಿಕೊಳ್ಳುವುದೂ ಕಂಪೆನಿಯೇ. ಬಾಡಿಗೆಯನ್ನು ಕೌಂಟಿಗಳ ಪಾಲಿನಿಂದ ಕಡಿಯುವುದು. ಗವರ್ನರುಗಳು ಮೊದಲು ಸಹಿ ಹಾಕಲು ಹಿಂಜರಿದರು, ಆಮೇಲೆ ಹಾಕಿದರು. ಒಳ್ಳೆಯದು ಆಗಲಿಲ್ಲವೆಂದಲ್ಲ. ಡಯಾಲಿಸಿಸ್‌ಗಾಗಿ ನೈರೋಬಿಗೆ ಬಸ್ಸು ಹಿಡಿಯಬೇಕಿದ್ದ ಎಷ್ಟೋ ಮಂದಿಗೆ ತಮ್ಮ ಊರಿನ ಹತ್ತಿರವೇ ಅದು ಸಿಕ್ಕಿತು. ಆದರೆ ಕೆಲವೆಡೆ ಯಂತ್ರ ಬಂದಾಗ ಅದನ್ನಿಡುವ ಕೋಣೆ ಇರಲಿಲ್ಲ. ಕೋಣೆ ಇದ್ದಲ್ಲಿ ಕರೆಂಟು ಸಾಲದು, ನೀರು ಸಾಲದು, ನಡೆಸಲು ತಜ್ಞರಿಲ್ಲ. ಪೆಟ್ಟಿಗೆ ಬಿಚ್ಚದೆಯೇ ಬಾಡಿಗೆ ಮಾತ್ರ ಓಡಿತು. ಸೆನೆಟಿನ ಸಮಿತಿಯೊಂದು ವಿಚಾರಣೆ ನಡೆಸಿ 2020ರಲ್ಲಿ ಖಾರವಾದ ವರದಿಯನ್ನೇ ಕೊಟ್ಟಿತು.

ಇದು ಕೀನ್ಯಾದ ಮಾತು ಮಾತ್ರವಲ್ಲ. 16 ಬಡ ದೇಶಗಳ ಒಂದು ಲಕ್ಷಕ್ಕೂ ಮಿಕ್ಕಿದ ಆಸ್ಪತ್ರೆ ಉಪಕರಣಗಳ ಲೆಕ್ಕ ತೆಗೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ನೂರರಲ್ಲಿ ಸುಮಾರು 40 ಕೆಟ್ಟು ಮೂಲೆ ಸೇರಿದ್ದವು. ನಾನು ಹೋದ ಪ್ರತಿ ಆಸ್ಪತ್ರೆಯ ಹಿತ್ತಿಲಲ್ಲೂ ಅಂಥದೊಂದು ಮೂಲೆ ಇತ್ತು. ತುಕ್ಕು ಹಿಡಿದ ಮಂಚ, ಯಾವುದೋ ದೇಶ ದಾನ ಕೊಟ್ಟ ಯಂತ್ರ, ಅದರ ಮೇಲೆ ಒಣಗಲು ಹಾಕಿದ ನೆಲವರಸುವ ಬಟ್ಟೆ. ಹೊಸ ಆಸ್ಪತ್ರೆಗೆ ಹೋದರೆ ನಾನು ಮೊದಲು ಅಲ್ಲಿಗೇ ಹೋಗಿ ನೋಡುತ್ತಿದ್ದೆ. ಆಫೀಸಿನಲ್ಲಿ ಕುಳಿತು ಯಾರೂ ಹೇಳದ ಸಂಗತಿಗಳು ಅಲ್ಲಿ ಗೊತ್ತಾಗುತ್ತವೆ.

ಎರಡೆರಡು ದೊಡ್ಡ ಆಸ್ಪತ್ರೆಗಳು ಬಾಡಿಗೆಯವರ ಪಾಲಾದ ಮೇಲೆ ನಮಗುಳಿದದ್ದು ತಾಲೂಕು ಮಟ್ಟದವು. ಅವುಗಳಿಗೆ ಮಾರಲು ಟೆಂಡರು. ಆಗ ಎಲ್ಲ ಕಾಗದದ ಮೇಲೆಯೇ. ಪತ್ರಿಕೆಯಲ್ಲಿ ಜಾಹೀರಾತು ಬರುತ್ತದೆ. ಲಕೋಟೆಗೆ ಅರಗು ಒತ್ತಿ, ಹೇಳಿದ ದಿನ ಹೇಳಿದ ಗಂಟೆಯೊಳಗೆ ಪೆಟ್ಟಿಗೆಗೆ ಹಾಕಬೇಕು. ಬಿಡ್ ಹಾಕಿದವರ ಎದುರೇ ತೆರೆದು ಬೆಲೆ ಓದುತ್ತಾರೆ. ಈ ಶಿಸ್ತು ನನಗೆ ಹಿಡಿಸಿತು. ಆದರೆ ಅಲ್ಲಿಯ 2015ರ ಖರೀದಿ ಕಾಯಿದೆಯಲ್ಲಿ ಒಂದು ಮಾತಿದೆ: ಸಲ್ಲಿಸುವ ಪ್ರತಿ ಪುಟಕ್ಕೂ ಕ್ರಮಸಂಖ್ಯೆ ಇರಬೇಕು. ನನ್ನ ಮೊದಲ ಟೆಂಡರು ನಾನ್ನೂರಕ್ಕೂ ಹೆಚ್ಚು ಪುಟದ್ದು. ಕಂಪೆನಿಯ ಬಣ್ಣದ ಕ್ಯಾಟಲಾಗಿಗೆ ಅದರದ್ದೇ ಪುಟಸಂಖ್ಯೆ ಇದೆಯಲ್ಲ ಎಂದು ನಾನು ಪೆನ್ನು ಮುಟ್ಟಿಸಿರಲಿಲ್ಲ. ಬೆಲೆ ಎಲ್ಲರಿಗಿಂತ ಕಡಿಮೆಯಿತ್ತು. ಬಿಡ್ ಮೊದಲ ಸುತ್ತಿನಲ್ಲೇ ಹೊರಗೆ ಬಿತ್ತು. ಅಂದಿನಿಂದ ಹೋಟೆಲ್ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ಒಂದು, ಎರಡು, ಮೂರು ಎಂದು ಬರೆಯುತ್ತಾ ಕೂರುವುದು ನನ್ನ ವೃತ್ತಿಯ ಮುಖ್ಯ ಭಾಗವಾಯಿತು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಅಲ್ಲಿ "ಕಿಟು ಕಿಡೊಗೊ" ಎಂಬ ಪದವಿದೆ, ಸಣ್ಣದೇನೋ ಎಂದರ್ಥ. ಚಾಯ್ ಎಂದೂ ಹೇಳುತ್ತಾರೆ. ನಮ್ಮಲ್ಲಿ ಚಾ-ತಿಂಡಿಗೆ ಎಂದು ಮೇಜಿನ ಕೆಳಗೆ ಕೊಡುವುದು ಯಾವುದೋ ಅದೇ. ನನ್ನನ್ನು ಯಾರೂ ನೇರವಾಗಿ ಕೇಳಿದ್ದಿಲ್ಲ. ಎಲ್ಲ ವ್ಯವಹಾರ ಸ್ಥಳೀಯ ಏಜೆಂಟರ ಮೂಲಕ, ಅವರಿಗೆ ನಮ್ಮಿಂದ ಕಮಿಷನ್. ಆ ಕಮಿಷನಿನ ಒಳಗೆ ಏನೇನಿತ್ತೆಂದು ನಾನೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಈಗ ಅನಿಸುತ್ತದೆ.

2018ರ ಮೇ ತಿಂಗಳಲ್ಲಿ ನಾವು ಗೆದ್ದ ಒಂದು ಟೆಂಡರಿನ ಯಂತ್ರ ಜೋಡಿಸಲು ಬೆಟ್ಟದ ಕೌಂಟಿಯೊಂದಕ್ಕೆ ಹೊರಟೆ. ಆಸ್ಪತ್ರೆಯ ಹೆಸರು ಬೇಡ. ನೈರೋಬಿಯಿಂದ ಲಿಮುರು ದಾಟುವವರೆಗೆ ರಸ್ತೆಯ ಎರಡೂ ಕಡೆ ಚಹಾ ತೋಟ, ವಯನಾಡಿನ ಘಾಟಿ ನೆನಪಾಗುತ್ತದೆ. ಆಮೇಲೆ ಒಮ್ಮೆಲೇ ನೆಲ ಕುಸಿದಂತೆ ರಿಫ್ಟ್ ಕಣಿವೆ ಕಾಣುತ್ತದೆ. ಆ ಇಳಿಜಾರಿನ ಅಂಚಿನಲ್ಲಿ ಒಂದು ಪುಟಾಣಿ ಇಗರ್ಜಿ. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಈ ರಸ್ತೆ ಕಡಿಯುತ್ತಿದ್ದ ಇಟಲಿಯ ಸೈನಿಕರು 1942ರಲ್ಲಿ ಕಟ್ಟಿದ್ದು. ಬೆರಳೆಣಿಕೆಯ ಮಂದಿ ಮಾತ್ರ ಕೂರಬಹುದು. ಲಾರಿಗಳ ಸದ್ದಿನ ನಡುವೆ ಎರಡು ನಿಮಿಷ ನಿಂತು ಮುಂದೆ ಹೋದೆವು. ದಾರಿಯಲ್ಲಿ ಊಟಕ್ಕೆ ಉಗಾಲಿ, ಅಂದರೆ ಜೋಳದ ಹಿಟ್ಟಿನ ಮುದ್ದೆ. ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ. ಆ ಹೆಸರಿನ ಅರ್ಥ "ವಾರ ತಳ್ಳು" ಎಂದು. ಸಂಬಳ ಬರುವವರೆಗೆ ಇದರಲ್ಲೇ ದಿನ ನೂಕುವುದು! ಕಣಿವೆ ದಾಟಿ ಮತ್ತೆ ಹತ್ತಿದೆವು. ಆಸ್ಪತ್ರೆ ಇದ್ದದ್ದು ಸುಮಾರು 2,000 ಮೀಟರ್ ಎತ್ತರದಲ್ಲಿ.

ಥಿಯೇಟರಿನ ಹೊಣೆ ಹೊತ್ತವರು ಐವತ್ತು ದಾಟಿದ ಒಬ್ಬ ಸಿಸ್ಟರ್. ಧರ್ಮಭಗಿನಿಯಲ್ಲ, ಬ್ರಿಟಿಷರ ಕಾಲದ ರೂಢಿಯಂತೆ ಅಲ್ಲಿ ಹಿರಿಯ ದಾದಿಗೂ ಸಿಸ್ಟರ್ ಎನ್ನುತ್ತಾರೆ. ಅವರ ಹಳೆಯ ಆಟೋಕ್ಲೇವ್ ಮೂವತ್ತು ವರ್ಷದ್ದು, ಮೈಯೆಲ್ಲ ಬೆಸುಗೆ. ನಮ್ಮ ಹೊಸತು ಥಳಥಳಿಸುತ್ತಿತ್ತು. ಎರಡು ದಿನದಲ್ಲಿ ಜೋಡಿಸಿ, ನೀರು ತುಂಬಿ, 15 ಪೌಂಡ್ ಒತ್ತಡಕ್ಕೆ ತಂದು 20 ನಿಮಿಷ ನಿಲ್ಲಿಸಿ ತೋರಿಸಿದೆ. ಸಾಮಾನು ಪರೀಕ್ಷಿಸಿ ಸ್ವೀಕರಿಸುವ ಸಮಿತಿಯವರು ಸಹಿ ಹಾಕಿದರು. ಆ ಸಹಿಯಾದರೆ ಬಿಲ್ಲು ಮುಂದೆ ಹೋಗುತ್ತದೆ. ಅವರ ಹಣಕಾಸಿನ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಅದರೊಳಗೆ ಹಣ ಬರಲೇಬೇಕೆಂದು ನಮ್ಮ ಮಾಲೀಕರ ಕಟ್ಟಪ್ಪಣೆ.

ನೈರೋಬಿಗೆ ಮರಳಿದ ನಾಲ್ಕನೇ ದಿನ ಸಿಸ್ಟರ್ ಫೋನ್ ಮಾಡಿದರು. "ನಿನ್ನ ಯಂತ್ರ ನಿಲ್ಲಿಸಿದ್ದೇನೆ. ಬಂದು ನೋಡು."

ಹೋದೆ. ಅವರು ಒಂದು ಶಾಲಾ ನೋಟುಪುಸ್ತಕ ತೆಗೆದರು. ಪ್ರತಿ ಬಾರಿ ಕತ್ತರಿಗಳ ಪೊಟ್ಟಣದೊಳಗೆ ಒಂದು ಸೂಚಕ ಪಟ್ಟಿ ಇಡುತ್ತಾರೆ. ಬೇಕಾದಷ್ಟು ಶಾಖ, ಬೇಕಾದಷ್ಟು ಹೊತ್ತು ತಾಗಿದರೆ ಅದು ಪೂರ್ತಿ ಕಪ್ಪಾಗುತ್ತದೆ. ಆ ಪಟ್ಟಿಗಳನ್ನು ಅವರು ತಾರೀಕು ಬರೆದು ವರ್ಷಗಟ್ಟಲೆ ಅಂಟಿಸುತ್ತಾ ಬಂದಿದ್ದರು. ಹಳೆಯ ಯಂತ್ರದ ಪುಟಗಳೆಲ್ಲ ಕಪ್ಪು. ನಮ್ಮ ಯಂತ್ರದ ಮೂರು ಪಟ್ಟಿಗಳು ಬೂದುಬಣ್ಣ.

"ನಾವು ಬೆಟ್ಟದ ಮೇಲಿದ್ದೇವೆಂದು ನಿನ್ನ ಯಂತ್ರಕ್ಕೆ ಗೊತ್ತಿಲ್ಲ," ಎಂದರು.

ಕೇಳಿದ ಕೂಡಲೇ ನನಗೆ ಕಿವಿ ಬಿಸಿಯಾಯಿತು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಅಲ್ಲಿ ತೆರೆದ ಪಾತ್ರೆಯ ನೀರು ನೂರು ಡಿಗ್ರಿಗಲ್ಲ, 93 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮೀಟರಿನ ಮುಳ್ಳು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಸಮುದ್ರದ ದಡದಲ್ಲಿ 15 ಪೌಂಡಿಗೆ 121 ಡಿಗ್ರಿ ಸಿಗುತ್ತದೆ. ಆ ಬೆಟ್ಟದಲ್ಲಿ ಅದೇ 15ಕ್ಕೆ ಸಿಗುವುದು 117, 118. ಅಲ್ಲಿ ಮುಳ್ಳು 18ನ್ನು ದಾಟಬೇಕು. ಸಿಸ್ಟರಿನ ಹಳೆಯ ಯಂತ್ರದ ಮೀಟರಿನಲ್ಲಿ 18ರ ನೇರಕ್ಕೆ ಕೆಂಪು ಉಗುರುಬಣ್ಣದ ಗೆರೆ ಎಳೆದದ್ದು ಆಗ ನನ್ನ ಕಣ್ಣಿಗೆ ಬಿತ್ತು. ಪುಸ್ತಕದಲ್ಲಿದೆ ಎಂದು 15ಕ್ಕೇ ಕಟ್ಟಿ ಕಳುಹಿಸಿದ ನಮ್ಮ ಕಾರ್ಖಾನೆ ಇರುವುದೂ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ! ನಮಗ್ಯಾರಿಗೂ ಹೊಳೆದಿರಲಿಲ್ಲ.

ದೇವರ ದಯೆ, ಆ ಮೂರು ಬಾರಿಯ ಕತ್ತರಿಗಳನ್ನು ಅವರು ಯಾರಿಗೂ ಬಳಸಿರಲಿಲ್ಲ. ಎಲ್ಲವನ್ನೂ ಹಳೆಯ ಯಂತ್ರಕ್ಕೆ ಮತ್ತೆ ಹಾಕಿದ್ದರು.

ಒತ್ತಡದ ಸ್ವಿಚ್ಚನ್ನು ತಿರುಗಿಸಲು ನನಗೆ ಅರ್ಧ ಗಂಟೆ ಸಾಕಾಯಿತು. ಕಷ್ಟ ಬಂದದ್ದು ಕಾಗದದಲ್ಲಿ. ಸಿಸ್ಟರ್ ಹೇಳಿದರು, "ಸಮಿತಿಯ ಪತ್ರದಲ್ಲಿ ಯಂತ್ರ ಸರಿಯಿದೆ ಎಂದಿದೆ. ಆ ದಿನ ಸರಿಯಿರಲಿಲ್ಲ. ಅದನ್ನು ರದ್ದು ಮಾಡಿ ಹೊಸ ಪರೀಕ್ಷೆ ಬರೆಯಬೇಕು." ಮಾಲೀಕರಿಗೆ ಫೋನಾಯಿಸಿದೆ. "ಸರಿ ಮಾಡಿದ್ದಾಯಿತಲ್ಲ? ಸಹಿಯಾದ ಕಾಗದವನ್ನು ಯಾರಾದರೂ ಹರಿಯುತ್ತಾರಾ? ಜೂನ್ ತಪ್ಪಿದರೆ ಹಣ ಯಾವಾಗ ಬರುತ್ತದೆ ನಿನಗೆ ಗೊತ್ತಾ?" ಎಂದರು. ಅವರು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ನಲವತ್ತು ಮಂದಿ ಕೆಲಸಗಾರರ ಕಾರ್ಖಾನೆ ನಮ್ಮದು.

ಆ ರಾತ್ರಿ ಆಸ್ಪತ್ರೆಯ ಎದುರಿನ ಲಾಡ್ಜಿನಲ್ಲಿ ಸರಿಯಾಗಿ ನಿದ್ದೆ ಬರಲಿಲ್ಲ. ಸತ್ಯವಂತನ ಪೋಸು ಕೊಡುವ ಆಸೆ ನನಗಿಲ್ಲ. ಬೆಳಗಿನವರೆಗೂ ನಾನು ಯೋಚಿಸಿದ್ದು ಸಿಸ್ಟರನ್ನು ಹೇಗೆ ಒಪ್ಪಿಸುವುದು ಎಂದೇ. ಬೆಳಿಗ್ಗೆ ಅವರು ನನಗೊಂದು ಗ್ಲಾಸು ಹಾಲು ಹಾಕಿದ ಚಾಯ್ ಕೊಟ್ಟು, ನೋಟುಪುಸ್ತಕದ ಆ ಪುಟ ತೆರೆದು, ಮೂರು ಬೂದು ಪಟ್ಟಿಗಳ ಕೆಳಗೆ ಸಹಿ ಹಾಕು ಎಂದರು. ಬೇರೆ ಒಂದು ಮಾತೂ ಆಡಲಿಲ್ಲ. ಹಾಕಿದೆ. ಅಲ್ಲಿ ಹಾಕಿದ ಮೇಲೆ ಇನ್ನೊಂದು ಕಾಗದದಲ್ಲಿ ಅದಕ್ಕೆ ವಿರುದ್ಧವಾದದ್ದು ಹೇಗೆ ಉಳಿಯುತ್ತದೆ? ಹೊಸ ಪರೀಕ್ಷೆಯ ಅರ್ಜಿ ಬರೆದುಕೊಟ್ಟೆ. ಸಮಿತಿ ಮತ್ತೆ ಸೇರುವಾಗ ಜುಲೈ ಬಂದಿತ್ತು.

ಮಾಲೀಕರು ಹೇಳಿದಂತೆಯೇ ಆಯಿತು. ನಮ್ಮ ಬಿಲ್ಲು ಬಾಕಿಯ ರಾಶಿಗೆ ಸೇರಿತು. ಕೌಂಟಿಗಳ ಬಾಕಿ ಬಿಲ್ಲುಗಳೆಂದರೆ ಅಲ್ಲಿ ಪತ್ರಿಕೆಗಳಿಗೆ ನಿತ್ಯದ ಸುದ್ದಿ. ಎಷ್ಟೋ ಸಣ್ಣ ಸರಬರಾಜುದಾರರು ಅದರಲ್ಲೇ ಮುಳುಗಿದ್ದಾರೆ. ಆ ವರ್ಷ ನನಗೆ ಇನ್‌ಕ್ರಿಮೆಂಟ್ ಇಲ್ಲ. ಆದರೆ ಕಾರ್ಖಾನೆಯಲ್ಲಿ ಒಂದು ಬದಲಾವಣೆಯೂ ಆಯಿತು. ಒತ್ತಡದ ಬದಲು ಉಷ್ಣತೆಯನ್ನೇ ಅಳೆದು ನಡೆಯುವ ಭಾಗವನ್ನು ಮುಂದಿನ ಯಂತ್ರಗಳಿಗೆ ಹಾಕಿದರು. ಬೆಲೆ ಏರಿತು, ಎರಡು ಟೆಂಡರು ಕಳೆದುಕೊಂಡೆವು. ಕಡಿಮೆ ಬೆಲೆಗೆ ಮಣೆ ಹಾಕುವ ಟೆಂಡರಿನಲ್ಲಿ ಒಳ್ಳೆಯ ಭಾಗಕ್ಕೆ ಅಂಕವಿಲ್ಲ. ಈ ರೋಗ ನಮ್ಮ ದೇಶದಲ್ಲೂ ಇದೆಯಲ್ಲ.

ಮರುವರ್ಷ, 2019ರ ಕೊನೆಗೆ, ಆ ಆಸ್ಪತ್ರೆಯಿಂದ ಮತ್ತೆ ಕರೆ. ಗ್ಯಾಸ್ಕೆಟ್ ಹರಿದಿದೆ, ಹಬೆ ಸೋರುತ್ತಿದೆ. ಹಳೆಯ ಯಂತ್ರ ಅಷ್ಟರಲ್ಲಿ ಹಿತ್ತಿಲ ಮೂಲೆ ಸೇರಿತ್ತು. ಕತ್ತರಿಗಳನ್ನು ಆಂಬುಲೆನ್ಸಿನಲ್ಲಿ ಬೇರೆ ಆಸ್ಪತ್ರೆಗೆ ಕಳುಹಿಸಿ ಬೇಯಿಸಿ ತರುತ್ತಿದ್ದರು. ಆಂಬುಲೆನ್ಸ್ ಇಲ್ಲದ ದಿನ ಸಿಸೇರಿಯನ್‌ಗೆ ಬಂದವರನ್ನೇ ಮುಂದಕ್ಕೆ ಕಳುಹಿಸುತ್ತಿದ್ದರು, ಆ ರಸ್ತೆಯಲ್ಲಿ, ರಾತ್ರಿಯಲ್ಲಿ. ಒಂದು ರಬ್ಬರ್ ಬಳೆಯ ಬೆಲೆ ಊರಿನ ಒಳ್ಳೆಯ ಜೋಡಿ ಚಪ್ಪಲಿಯಷ್ಟು. ಆದರೆ ಟೆಂಡರಿನಲ್ಲಿ ಬಿಡಿಭಾಗಗಳ ಕಾಲಮ್ಮೇ ಇರಲಿಲ್ಲ. ಹೊಸದಾಗಿ ಖರೀದಿಸಲು ಹೊಸ ಕಡತ, ಹೊಸ ಸಹಿಗಳು. ನಮ್ಮ ಕಡೆಯಿಂದ ಮಾಲೀಕರ ಮಾತು: ಹಳೆಯ ಹಣ ಬರುವವರೆಗೆ ಒಂದು ಬೋಲ್ಟೂ ಇಲ್ಲ.

ಅದೇ ತಿಂಗಳು ನನಗೆ ಒಂದು ಮಿಷನ್ ಆಸ್ಪತ್ರೆಯ ಕೆಲಸವಿತ್ತು. ಅಲ್ಲಿಯ ಕಥೋಲಿಕ ಮತ್ತು ಇತರ ಸಭೆಗಳ ಆಸ್ಪತ್ರೆಗಳು ಒಟ್ಟಾಗಿ 1986ರಿಂದಲೇ ಔಷಧಿ, ಸಾಮಾನುಗಳಿಗೆ ಜಂಟಿ ಸಂಸ್ಥೆಯೊಂದನ್ನು ನಡೆಸುತ್ತಿವೆ. ಆರ್ಡರು ಸಣ್ಣದು, ಆದರೆ ಕೊಳ್ಳುವ ಮೊದಲು ಧರ್ಮಭಗಿನಿಯೊಬ್ಬರು ನನ್ನನ್ನು ಅರ್ಧ ದಿನ ಕೂರಿಸಿ ಕೇಳಿದ ಪ್ರಶ್ನೆಗಳೆಲ್ಲ ಬಿಡಿಭಾಗದ ಬಗ್ಗೆಯೇ: ಕಾಯಿಲ್ ಎಷ್ಟು ವರ್ಷ, ಗ್ಯಾಸ್ಕೆಟ್ ಎಷ್ಟು ತಿಂಗಳು, ಬೋರ್‌ವೆಲ್ಲಿನ ಗಡಸು ನೀರಿಗೆ ಏನಾಗುತ್ತದೆ, ನೈರೋಬಿಯಲ್ಲಿ ಸ್ಟಾಕ್ ಯಾರ ಬಳಿ. ಅವರಿಗಾಗಿ ನಾಲ್ಕು ಗ್ಯಾಸ್ಕೆಟ್ ತಂದಿದ್ದೆ. ಹೋಗಿ ವಿಷಯ ಹೇಳಿದೆ. "ನಮಗೆ ಮೂರು ಸಾಕು, ಬಿಲ್ಲು ನಾಲ್ಕಕ್ಕೇ ಮಾಡು," ಎಂದರು.

ಬಸ್ಸಿನಲ್ಲಿ ಬೆಟ್ಟ ಹತ್ತಿದೆ. ಆಸ್ಪತ್ರೆಯ ಫುಂಡಿ ಹುಡುಗ ಸರಕಾರಿ ವೈದ್ಯಕೀಯ ತರಬೇತಿ ಕಾಲೇಜಿನಲ್ಲಿ ಉಪಕರಣಗಳ ಡಿಪ್ಲೊಮಾ ಮಾಡಿದವನು, ಚುರುಕು. ಈ ಸಲ ನಾನು ಕೈಕಟ್ಟಿ ನಿಂತೆ, ಅವನೇ ಹಾಕಿದ. ಒಂದು ತಾಸಿನಲ್ಲಿ ಹಬೆ ಏರಿತು. ಸಿಸ್ಟರ್ ಪಟ್ಟಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಪುಸ್ತಕಕ್ಕೆ ಅಂಟಿಸಿದರು. ಮಾಲೀಕರಿಗೆ ನಾನು ಈ ವಿಷಯ ಹೇಳಿದ್ದು ಬೆಂಗಳೂರಿಗೆ ಬಂದು ಎದುರು ಕುಳಿತ ಮೇಲೆ. ಬಹಳ ಹೊತ್ತು ಸುಮ್ಮನಿದ್ದು, "ಇನ್ನು ಮುಂದೆ ಪೆಟ್ಟಿಗೆಯಲ್ಲೇ ಎರಡೆರಡು ಗ್ಯಾಸ್ಕೆಟ್ ಹಾಕಿ ಕಳುಹಿಸುವ. ನೀನು ಕಳ್ಳತನದಲ್ಲಿ ಹೊರುವುದು ಬೇಡ," ಎಂದರು.

ಆ ಬಿಲ್ಲಿನ ಹಣ ಬಂದದ್ದು 2021ರ ಜೂನ್ ಕೊನೆಯ ವಾರದಲ್ಲಿ.

2023ರಲ್ಲಿ ಕೊನೆಯ ಬಾರಿ ಆ ಕಡೆ ಹೋದಾಗ ಸಿಸ್ಟರ್ ನಿವೃತ್ತರಾಗಿ ತಮ್ಮ ಹಳ್ಳಿಗೆ ಹೋಗಿದ್ದರು. ಅವರ ಜಾಗದಲ್ಲಿ ಒಬ್ಬಳು ಎಳೆಯ ದಾದಿ. ನನ್ನ ಗುರುತು ಅವಳಿಗೆ ಹೇಗಿರಬೇಕು? ಚೀಟಿ ಕೊಟ್ಟೆ. ಕಂಪೆನಿಯ ಹೆಸರು ಓದಿದವಳು ಕಪಾಟಿನ ತಳದಿಂದ ಒಂದು ಹಳೆಯ ನೋಟುಪುಸ್ತಕ ಹುಡುಕಿ ತೆಗೆದು, ಒಂದು ಪುಟ ಬಿಡಿಸಿ, ನನ್ನ ಮುಖವನ್ನೂ ಅಲ್ಲಿದ್ದ ಸಹಿಯನ್ನೂ ನೋಡಿ, "ಈ ಫುಂಡಿ ನೀವೇನಾ?" ಎಂದು ಕೇಳಿದಳು. ಹೌದೆಂದೆ. ಹಾಗಾದರೆ ಬನ್ನಿ, ವಾಲ್ವ್ ಒಂದು ಸ್ವಲ್ಪ ಸದ್ದು ಮಾಡುತ್ತಿದೆ ಎಂದು ಒಳಗೆ ಕರೆದೊಯ್ದಳು.